ಬರಿಗೈಯಲ್ಲಿ ಹೋಗಿ, ಟೀಚರ್

ಈ ಪತ್ರ ಓದಿ ಎರಡು ದಿನ ಸುಮ್ನಿದ್ದೆ. ಸಿಟ್ಟು ಇಳಿಯಲಿ ಅಂತ.

ಬರೆದವರು ತೀರ್ಥಹಳ್ಳಿ ಕಡೆಯ ನಿವೃತ್ತ ಟೀಚರ್. ತಮ್ಮ ತೀರಿಕೊಂಡು ಹನ್ನೊಂದು ವರ್ಷ. ಅವತ್ತಿನಿಂದ ತಮ್ಮನ ಹೆಂಡತಿಗೆ ತಿಂಗಳಿಗೊಂದು ಮೂಟೆ ಅಕ್ಕಿ, ಇಬ್ಬರು ಮಕ್ಕಳ ಫೀಸು, ಮಳೆಗಾಲಕ್ಕೆ ಮೊದಲು ಒಡೆದ ಹೆಂಚು ಹಾಕಿಸುವ ಖರ್ಚು ಎಲ್ಲ ಇವರದೇ. ಹೋದ ವರ್ಷ ದೊಡ್ಡ ಹುಡುಗನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು. "ಇನ್ನು ಅಕ್ಕಿ ಬೇಡ ಅಕ್ಕಾ" ಅಂದವಳು ಆಮೇಲೆ ಈ ಕಡೆ ತಲೆ ಹಾಕಿಲ್ಲ. ಭಾನುವಾರ ಚರ್ಚಿನಲ್ಲಿ ಇವರು ಎರಡನೇ ಪೂಜೆಗೆ ಬರುತ್ತಾರೆ ಅಂತ ಅವಳು ಮೊದಲನೇ ಪೂಜೆಗೇ ಹೋಗಿ ಬರುತ್ತಾಳಂತೆ. "ತಪಸ್ಸು ಕಾಲದಲ್ಲಿ ಉಪವಾಸ ಮಾಡಿದೆ, ಪಾಪನಿವೇದನೆ ಮಾಡಿದೆ, ಸಿಟ್ಟು ಹೋಗಲಿಲ್ಲ. ಇಷ್ಟು ಪ್ರೀತಿಸಿದ್ದಕ್ಕೆ ಇದೇನಾ? ನನ್ನ ಅಹಂಕಾರ ಕಳೆಯಲು ಯಾವ ನವೇನ ಮಾಡಲಿ?" ಇದು ಪ್ರಶ್ನೆ. (ನವೇನ ಅಂದರೆ ಒಂಬತ್ತು ದಿನದ ಪ್ರಾರ್ಥನೆ.)

ಟೀಚರ್, ಹನ್ನೊಂದು ವರ್ಷ ಒಂದು ಸಂಸಾರ ನಡೆಸಿದ್ದು ಸಣ್ಣ ಮಾತಲ್ಲ. ಆ ಮಕ್ಕಳು ಹಸಿದು ಮಲಗಲಿಲ್ಲ. ಆದರೆ ನಾಲ್ಕನೇ ಪುಟದಲ್ಲಿ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಬಗ್ಗೆ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. "ಪ್ರತಿ ಕ್ರಿಸ್ಮಸ್‌ಗೆ ಕುಸ್ವಾರ್ ತಂದು ಕೊಡುತ್ತಿದ್ದಳು, ನಮಗಿಬ್ಬರಿಗೂ ಶುಗರ್ ಅಲ್ವಾ, ಕೆಲಸದವರ ಮಕ್ಕಳಿಗೆ ಕೊಟ್ಟುಬಿಡುತ್ತಿದ್ದೆ."

ಕುಸ್ವಾರ್ ಮಾಡುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾ? ಹಿಟ್ಟಿನ ಒಂದೊಂದು ಉಂಡೆಯನ್ನೂ ಹೊಸ ಬಾಚಣಿಗೆ ಮೇಲೆ ಒತ್ತಿ, ಸುರುಳಿ ಸುತ್ತಿ ಕಿಡಿಯೊ ಮಾಡಬೇಕು. ಕರ್ಜಿಕಾಯಿಯಂಥ ನೆವ್ರಿಯ ಅಂಚು ಮಡಿಸುವುದಕ್ಕೇ ಒಂದು ಸಂಜೆ ಬೇಕು. ಗಂಡ ಇಲ್ಲದ ಹೆಂಗಸು ರಾತ್ರಿ ಒಲೆ ಮುಂದೆ ಕೂತು ಅಷ್ಟನ್ನೂ ಕರಿದು, ಒಳ್ಳೆ ತಟ್ಟೆ ಹುಡುಕಿ, ಮೇಲೊಂದು ಬಟ್ಟೆ ಮುಚ್ಚಿ ನಿಮ್ಮ ಮನೆಗೆ ತಂದಳು. ಮಾರನೇ ದಿನ ಅದನ್ನು ಕೆಲಸದವರ ಮಕ್ಕಳು ತಿನ್ನುತ್ತಿದ್ದರು. ಅವರೂ ಅದೇ ಊರಿನವರು. ಅವಳಿಗೆ ಗೊತ್ತಾಗಿಲ್ಲ ಅಂದುಕೊಂಡಿರಾ? ಅರ್ಧ ಕಿಡಿಯೊ ಮುರಿದು ಅವಳೆದುರಿಗೇ ಬಾಯಿಗೆ ಹಾಕಿಕೊಂಡಿದ್ದರೆ ಸಾಕಿತ್ತು.

ಇನ್ನು ನಿಮ್ಮ ಯಜಮಾನರು. ಕೊಟ್ಟಿದ್ದನ್ನೆಲ್ಲ ಅಡಿಕೆ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟು, ಹುಡುಗನಿಗೆ ಕೆಲಸ ಸಿಕ್ಕ ದಿನ ನೆಂಟರ ಮುಂದೆ ಒಟ್ಟು ಮೊತ್ತ ಓದಿದರಂತೆ, ತಮಾಷೆಗೆ. ತಮಾಷೆಯಂತೆ! ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ: ನೆಂಟಸ್ತನದ ಲೆಕ್ಕ ಇಡುವ ಗಂಡಸಿಗೆ ಒಂದು ವಾರ ಕಾಫಿ ಕೊಡಬಾರದು. ಬಲಗೈ ಕೊಟ್ಟಿದ್ದು ಎಡಗೈಗೆ ತಿಳಿಯಬಾರದು ಅಂತ ಬೈಬಲ್‌ನಲ್ಲಿ ಮತ್ತಾಯ ಬರೆದಿದ್ದಾನೆ. ನಿಮ್ಮನೇಲಿ ಎಡಗೈ ಪೆನ್ನು ಹಿಡಿದುಕೊಂಡೇ ಕೂತಿದೆ.

ಪತ್ರದಲ್ಲಿ ಪ್ರೀತಿ ಅನ್ನುವ ಮಾತು ಏಳು ಸಲ ಬಂದಿದೆ, ಎಣಿಸಿದೆ. ಕೊರಿಂಥದವರಿಗೆ ಪೌಲ ಬರೆದ ಮೊದಲ ಪತ್ರದ 13ನೇ ಅಧ್ಯಾಯ ನಿಮಗೆ ಬಾಯಿಪಾಠ ಇರುತ್ತದೆ. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಅಲ್ಲಿ 'ಚಾರಿಟಿ' ಅಂತಿದೆ (ಈಗ ಆ ಮಾತಿಗೆ ದಾನ ಅಂತ ಅರ್ಥ), ನಮ್ಮಲ್ಲಿ 'ಪ್ರೀತಿ' ಅಂತಿದೆ. ನಮ್ಮದೇ ವಾಸಿ. ಇದ್ದದ್ದೆಲ್ಲ ಹಂಚಿದರೂ ಪ್ರೀತಿ ಇಲ್ಲದಿದ್ದರೆ ಪ್ರಯೋಜನವಿಲ್ಲ ಅಂತ ಮೂರನೇ ವಚನದಲ್ಲೇ ಇದೆಯಲ್ಲ. ಹಂಚುವುದೇ ಬೇರೆ, ಪ್ರೀತಿಯೇ ಬೇರೆ ಅಂತ ಪೌಲನಿಗೆ ಗೊತ್ತಿತ್ತು.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಚರ್ಚಿನಲ್ಲಿ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. (ಮನೆಯಲ್ಲೇ ಸೋಪು ಹಚ್ಚಿ ತೊಳೆದುಕೊಂಡು ಬಂದಿರುತ್ತಾರೆ, ಪಾಪ. ಕೊಳೆ ಕಾಲು ಇನ್ನೊಬ್ಬರ ಕೈಗೆ ಕೊಡುವುದು ಅಷ್ಟು ಕಷ್ಟ.) ಯೇಸು ಶಿಷ್ಯರ ಕಾಲು ತೊಳೆಯಲು ಬಂದಾಗ ಪೇತ್ರನೂ ಬೇಡವೇ ಬೇಡ ಅಂದ. ನಾನು ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂದ ಯೇಸು. ಅದೇ ಯೇಸು ಸಮಾರ್ಯದ ಬಾವಿ ಹತ್ತಿರ, ಸೇದಲು ಏನೂ ಇಲ್ಲದೆ ಕೂತು, ಒಬ್ಬ ಹೆಂಗಸಿನ ಹತ್ತಿರ ನೀರು ಕೇಳಿದ. ಅವರಿಬ್ಬರ ಮಾತು ಶುರುವಾಗಿದ್ದೇ ಹಾಗೆ. ನೀವು ಈ ಹನ್ನೊಂದು ವರ್ಷದಲ್ಲಿ ಅವಳ ಹತ್ತಿರ ಏನಾದರೂ ಕೇಳಿದ್ದೀರಾ?

ನವೇನ ಬೇಡ. ಸೆಪ್ಟೆಂಬರ್ 8ಕ್ಕೆ ತೆನೆ ಹಬ್ಬ, ಮಾತೆ ಮರಿಯಳ ಹುಟ್ಟುಹಬ್ಬದ ದಿನ. "ಈ ಸಲ ಹೊಸ ಅಕ್ಕಿ ಊಟ ನಿನ್ನ ಮನೆಯಲ್ಲಿ ಮಾಡಬೇಕು ಅಂತ ಆಸೆ, ಬರಲಾ?" ಅಂತ ಫೋನು ಮಾಡಿ ಕೇಳಿ. ವಾಟ್ಸ್ಯಾಪ್ ಬೇಡ. ಹೂಂ ಅಂದರೆ ಹೋಗಿ, ಬರಿಗೈಯಲ್ಲಿ. ಬಾಳೆಹಣ್ಣೂ ಬೇಡ, ಬಿಸ್ಕೆಟ್ ಪ್ಯಾಕೆಟ್ಟೂ ಬೇಡ. ಮಲೆನಾಡಲ್ಲಿ ಯಾರೂ ಹಾಗೆ ಹೋಗುವುದಿಲ್ಲ, ಗೊತ್ತು. ಗೇಟಿನ ಹತ್ತಿರ ನಾಚಿಕೆಯಾಗುತ್ತದೆ, ಆಗಲಿ. ಎಲೆ ಮುಂದೆ ಕೂತು ಬಡಿಸಿದ್ದು ಉಣ್ಣಿ. ಪಾಯಸ ಎರಡು ಚಮಚ ತಿಂದರೂ ಸಾಕು, ಬೇಡ ಅನ್ನಬೇಡಿ.

ಯಜಮಾನರು ಮನೆಯಲ್ಲೇ ಇರಲಿ. ಅವಳೇನಾದರೂ ಡಬ್ಬಿಯಲ್ಲಿ ಹಾಕಿಕೊಟ್ಟರೆ ತಂದು ಅವರಿಗೆ ಕೊಡಿ. ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳಲಿ, ಜಮಾ ಕಡೆಗೆ.