ಧ್ರುವ ನಕ್ಷತ್ರ ಕಾಣದಿದ್ದರೂ ಮೌಂಟ್ ಹೊಂದಿಸಬಹುದು

ಮೈಸೂರಿನ ನಿಮ್ಮ ತಾರಸಿಯಿಂದ ಧ್ರುವ ನಕ್ಷತ್ರ ಕಾಣುವುದಿಲ್ಲ, ಜೊತೆಗೆ ಟೆಲಿಸ್ಕೋಪಿನ ಈಕ್ವಟೋರಿಯಲ್ ಮೌಂಟಿನ (ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ ಇಟ್ಟು ನಕ್ಷತ್ರಗಳನ್ನು ಹಿಂಬಾಲಿಸುವ ಸ್ಟ್ಯಾಂಡ್) ಕೌಂಟರ್‌ವೇಟ್, ಅಂದರೆ ಟೆಲಿಸ್ಕೋಪಿನ ಭಾರವನ್ನು ಸರಿದೂಗಿಸುವ ತೂಕ, ಟ್ರೈಪಾಡ್ ಕಾಲಿಗೆ ತಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಎರಡಕ್ಕೂ ಕಾರಣ ನಮ್ಮ ಅಕ್ಷಾಂಶ. ಮೈಸೂರಲ್ಲಿ ಅದು ಸುಮಾರು 12.3 ಡಿಗ್ರಿ, ಧ್ರುವ ನಕ್ಷತ್ರವೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರುತ್ತದೆ. ಎದುರಿಗೆ ಒಂದು ತೆಂಗಿನ ಮರ ಇದ್ದರೆ ಮುಗೀತು. ಮೌಂಟಿನ ಅಕ್ಷವೂ ಅಷ್ಟೇ ತಗ್ಗಾಗಿ ಮಲಗುವುದರಿಂದ ಕೌಂಟರ್‌ವೇಟ್ ಉತ್ತರದ ಕಾಲಿಗೆ ತಾಗುತ್ತದೆ.

ಮೊದಲು ಕಾಲು ಸರಿಮಾಡಿಕೊಳ್ಳಿ. ಸಾಮಾನ್ಯವಾಗಿ ಒಂದು ಕಾಲನ್ನು ಉತ್ತರಕ್ಕೆ ಇಡುತ್ತಾರೆ, ಅಲ್ವಾ? ನೀವು ಅದನ್ನು ದಕ್ಷಿಣಕ್ಕೆ ಇಡಿ. ಆಗ ಕೌಂಟರ್‌ವೇಟ್ ಸರಳು ಉತ್ತರದ ಎರಡು ಕಾಲುಗಳ ನಡುವೆ ಇಳಿಯುತ್ತದೆ. ಭಾರ ವಾಲುವುದೂ ಆ ಕಡೆಗೇ, ಹಾಗಾಗಿ ಟ್ರೈಪಾಡ್ ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ.

ಆಮೇಲೆ ಮೌಂಟಿನ ಮೇಲಿರುವ ಎತ್ತರದ ಅಳತೆಪಟ್ಟಿಯನ್ನು 12 ಡಿಗ್ರಿ ಮೇಲೆ ನಿಲ್ಲಿಸಿ, ದಿಕ್ಸೂಚಿ ನೋಡಿ ಮೌಂಟಿನ ಅಕ್ಷವನ್ನು ಉತ್ತರಕ್ಕೆ ತಿರುಗಿಸಿ. ದಿಕ್ಸೂಚಿಯನ್ನು ಮೌಂಟಿನ ಹತ್ತಿರ ಹಿಡಿಯಬೇಡಿ, ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ಸುಮ್ನೆ ಗುರು, ಶನಿ ನೋಡೋಕೆ ಇಷ್ಟು ಸಾಕು.

ಫೋಟೋ ತೆಗೆಯೋದಾದರೆ ಇನ್ನೊಂದು ಕೆಲಸ ಇದೆ. ಒರಾಯನ್ ಬೆಲ್ಟ್ (ಒರಾಯನ್ ನಕ್ಷತ್ರಪುಂಜದ ನಡುವಿನ ಮೂರು ನಕ್ಷತ್ರಗಳ ಸಾಲು) ನೆತ್ತಿಯ ಹತ್ತಿರ ಬಂದಾಗ ಅದರಲ್ಲಿ ಒಂದು ನಕ್ಷತ್ರವನ್ನು ಐಪೀಸಿನ, ಅಂದರೆ ಕಣ್ಣಿಟ್ಟು ನೋಡುವ ಮಸೂರದ, ಮಧ್ಯಕ್ಕೆ ತನ್ನಿ. ಮೋಟಾರ್ ಓಡಿಸಿ ಐದು ನಿಮಿಷ ಕಾಯಿರಿ. ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಮೌಂಟಿನ ಅಕ್ಷ ಪೂರ್ವಕ್ಕೆ ಜಾಸ್ತಿ ತಿರುಗಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಮೌಂಟನ್ನು ಪೂರ್ವ-ಪಶ್ಚಿಮಕ್ಕೆ ಸರಿಸುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ನೋಡಿ.