ಜರ್ಮನಿಗೆ ಕೆಲಸಕ್ಕೆ ಹೋಗುವವರಿಗೆ ವೀಸಾ ಸಿಕ್ಕ ಮೇಲೂ ತೊಡಕುಗಳಿರುತ್ತವೆಯೇ?

ಕೆಲವೇ ತಿಂಗಳಲ್ಲಿ ಕೆಲಸಕ್ಕಾಗಿ ಜರ್ಮನಿಗೆ ಹೊರಡಲಿರುವ ನೀವು, ವೀಸಾ ಕೈಗೆ ಬಂದ ಮೇಲೂ ತೊಡಕುಗಳಿರುತ್ತವೆಯೇ, ದಿನನಿತ್ಯ ವಿದೇಶಿಯರನ್ನು ಹೆಚ್ಚು ಕಾಡುವುದು ಯಾವುದು ಎಂದು ಕೇಳಿದ್ದೀರಿ. ಕೆಲವು ವರ್ಷಗಳಿಂದ ಇಲ್ಲಿ ಕೆಲಸ ಮಾಡುತ್ತಿರುವ ನನ್ನ ಅನುಭವದಲ್ಲಿ ಕಾಗದಪತ್ರಗಳ ನಿಜವಾದ ಕೆಲಸ ಶುರುವಾಗುವುದೇ ಬಂದಿಳಿದ ಮೇಲೆ. ಒಂದು ಕಾಗದವಿಲ್ಲದೆ ಇನ್ನೊಂದು ಸಿಗದಂತೆ ಇಲ್ಲಿನ ವ್ಯವಸ್ಥೆ ಹೆಣೆದುಕೊಂಡಿದೆ; ಬಹುಪಾಲು ಕಷ್ಟಗಳ ಮೂಲ ಅಲ್ಲಿದೆ.

ಮೊದಲು ಪ್ರವೇಶದ ವಿಷಯ. ನಿಮ್ಮ ವಿಮಾನ ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ ಸಾಗುವುದಾದರೆ ಷೆಂಗೆನ್ ವಲಯದ (ತಮ್ಮ ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಟ್ಟುಕೊಳ್ಳದ ಯುರೋಪಿನ ದೇಶಗಳ ಗುಂಪು) ಪಾಸ್‌ಪೋರ್ಟ್ ತಪಾಸಣೆ ಅಲ್ಲಿಯೇ ಮುಗಿಯುತ್ತದೆ. ವೀಸಾ ಇದ್ದ ಮಾತ್ರಕ್ಕೆ ಪ್ರವೇಶ ಖಚಿತವೆಂದು ಭಾವಿಸಬಾರದು, ಬಂದ ಉದ್ದೇಶವನ್ನು ವಿಚಾರಿಸುವ ಅಧಿಕಾರ ಗಡಿಯಲ್ಲಿರುವ ಅಧಿಕಾರಿಗೆ ಇದೆ. ಆದ್ದರಿಂದ ಉದ್ಯೋಗದ ಒಪ್ಪಂದ, ವಿಮೆಯ ಪತ್ರ ಮತ್ತು ತಂಗುವ ವಿಳಾಸವನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಹಾಲಿನ ಮತ್ತು ಮಾಂಸದ ಉತ್ಪನ್ನಗಳನ್ನು ಪ್ರಯಾಣಿಕರು ತರುವಂತಿಲ್ಲ ಎಂಬುದೂ ನೆನಪಿರಲಿ. ಮನೆಯವರು ಪ್ರೀತಿಯಿಂದ ಕಟ್ಟಿಕೊಟ್ಟ ತುಪ್ಪವನ್ನು ಕಸ್ಟಮ್ಸ್‌ನವರು ತೆಗೆದಿಟ್ಟುಕೊಂಡರೆ ಬೇಸರವಾಗುತ್ತದೆ.

ನಾನು ಅತ್ಯಂತ ಒತ್ತಿ ಹೇಳಬೇಕಾಗಿರುವುದು ವಿಳಾಸದ ನೋಂದಣಿಯ ಬಗ್ಗೆ. ಇದನ್ನು ಇಲ್ಲಿ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆ ಸೇರಿದ ಎರಡು ವಾರಗಳೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು, ಅದಕ್ಕೆ ಬಾಡಿಗೆಯ ಕರಾರು ಸಾಲದು. ನೀವು ಆ ಮನೆಗೆ ಬಂದು ಸೇರಿರುವುದನ್ನು ದೃಢಪಡಿಸಿ ಮನೆಯ ಮಾಲೀಕರು ಬರೆದುಕೊಡುವ ಪ್ರತ್ಯೇಕ ಪತ್ರ ಬೇಕು. ತಾತ್ಕಾಲಿಕವಾಗಿ ಕೋಣೆ ಕೊಡುವ ಅನೇಕರು ಈ ಪತ್ರವನ್ನು ಕೊಡಲು ಒಪ್ಪುವುದಿಲ್ಲ. ಪತ್ರವಿಲ್ಲದಿದ್ದರೆ ನೋಂದಣಿ ನಿಲ್ಲುತ್ತದೆ, ನೋಂದಣಿ ನಿಂತರೆ ಅಂಚೆಯಲ್ಲಿ ಬರಬೇಕಾದ ತೆರಿಗೆ ಸಂಖ್ಯೆ ಬರುವುದಿಲ್ಲ, ಆ ಸಂಖ್ಯೆ ತಡವಾದರೆ ಸಂಬಳದಲ್ಲಿ ಹೆಚ್ಚಿನ ತೆರಿಗೆ ಕಡಿತವಾಗಿ ಅದನ್ನು ಆಮೇಲೆ ಸರಿಪಡಿಸಿಕೊಳ್ಳಬೇಕಾಗಬಹುದು, ವಾಸದ ಪರವಾನಗಿಯ ಅರ್ಜಿಯೂ ಅಲ್ಲಿಗೇ ನಿಂತುಬಿಡುತ್ತದೆ. ಆದ್ದರಿಂದ ಮೊದಲ ತಿಂಗಳ ವಸತಿಯನ್ನು ಹುಡುಕುವಾಗ ಬಾಡಿಗೆ ಎಷ್ಟು ಎಂದು ಕೇಳುವುದಕ್ಕಿಂತ ಮುಂಚೆ ನೋಂದಣಿಗೆ ಪತ್ರ ಕೊಡುತ್ತೀರಾ ಎಂದು ಕೇಳಿ. ಅದಕ್ಕಾಗಿ ಸ್ವಲ್ಪ ಹೆಚ್ಚು ಹಣ ತೆತ್ತರೂ ನಷ್ಟವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಬರೆದಿರಬೇಕು. ಇಲ್ಲವಾದರೆ ವಿಳಾಸ ಸರಿಯಿದ್ದರೂ ಪತ್ರಗಳು ಮರಳಿ ಹೋಗುತ್ತವೆ.

ಎರಡನೆಯ ಕಗ್ಗಂಟು ವಿದೇಶಿಯರ ಕಚೇರಿ. ನೀವು ಬರುವ ಡಿ ವರ್ಗದ, ಅಂದರೆ ದೀರ್ಘಾವಧಿಯ, ವೀಸಾದ ಅವಧಿ ಸೀಮಿತವಾಗಿರುತ್ತದೆ. ಅದು ಮುಗಿಯುವ ಮೊದಲೇ ವಾಸದ ಪರವಾನಗಿಗೆ ಅರ್ಜಿ ಸಲ್ಲಿಸಿರಬೇಕು. ದೊಡ್ಡ ನಗರಗಳಲ್ಲಿ ಭೇಟಿಯ ದಿನಾಂಕ ಸಿಗುವುದೇ ಕಷ್ಟ. ಮಿಂಚಂಚೆಗೆ ವಾರಗಟ್ಟಲೆ ಉತ್ತರ ಬಾರದೆ ನಾನೂ ಕಳವಳದಿಂದ ನಿದ್ದೆಗೆಟ್ಟಿದ್ದೇನೆ. ಕಾನೂನು ಪಾಲಿಸಲು ಸಿದ್ಧನಿರುವವನನ್ನು ಹೀಗೆ ಕಾಯಿಸುವುದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಆದರೆ ಕಾನೂನಿನಲ್ಲಿಯೇ ಒಂದು ರಕ್ಷಣೆ ಇದೆ. ವಿದೇಶಿಯರ ವಾಸಕ್ಕೆ ಸಂಬಂಧಿಸಿದ ಜರ್ಮನಿಯ ವಾಸ ಕಾಯ್ದೆಯ 81ನೆಯ ಕಲಮಿನ 4ನೆಯ ಉಪಕಲಮಿನ ಪ್ರಕಾರ, ಅವಧಿಯೊಳಗೆ ಅರ್ಜಿ ಕೊಟ್ಟವರ ಹಳೆಯ ಅನುಮತಿ, ತೀರ್ಮಾನ ಹೊರಬೀಳುವವರೆಗೆ ಮುಂದುವರಿದಿದೆ ಎಂದೇ ಪರಿಗಣಿಸಲಾಗುತ್ತದೆ, ಅದರಲ್ಲಿದ್ದ ಕೆಲಸದ ಹಕ್ಕೂ ಉಳಿಯುತ್ತದೆ. ಇದಕ್ಕೆ ಪುರಾವೆಯಾಗಿ ‘ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್’ ಎಂಬ ತಾತ್ಕಾಲಿಕ ಪ್ರಮಾಣಪತ್ರವನ್ನು ಕೊಡುತ್ತಾರೆ. ಈ ಪತ್ರ ಹಿಡಿದು ಊರಿಗೆ ಹೋಗಿಬರುವ ಯೋಚನೆಯಿದ್ದರೆ ಅದರಲ್ಲಿ ಯಾವ ಉಪಕಲಮಿಗೆ ಗುರುತು ಹಾಕಿದ್ದಾರೆ ಎಂದು ತಪ್ಪದೆ ನೋಡಿ. 4ನೆಯದಾದರೆ ಪಾಸ್‌ಪೋರ್ಟಿನೊಂದಿಗೆ ಜರ್ಮನಿಗೆ ಮರಳಬಹುದು, 3ನೆಯದಾದರೆ ಹೊರಗೆ ಹೋದವರು ಅದರ ಬಲದ ಮೇಲೆ ಮರಳಿ ಬರಲಾಗದು.

ತಂದೆತಾಯಿಯನ್ನು ಕರೆಸಿಕೊಳ್ಳುವಾಗ ಅನ್ವಯಿಸುವ ನಿಯಮ ಬೇರೆ. ಅಲ್ಪಾವಧಿಯ ವೀಸಾದಲ್ಲಿ ಬರುವವರು ಯಾವುದೇ 180 ದಿನಗಳಲ್ಲಿ ಇಡೀ ಷೆಂಗೆನ್ ವಲಯದಲ್ಲಿ ಒಟ್ಟು 90 ದಿನ ಮಾತ್ರ ಇರಬಹುದು. ಬಂದ ದಿನ ಮತ್ತು ಹೊರಡುವ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ವೀಸಾದ ಮೇಲೆ 90ಕ್ಕಿಂತ ಕಡಿಮೆ ದಿನಗಳನ್ನು ನಮೂದಿಸಿದ್ದರೆ ಅದೇ ಮಿತಿ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಜಾರಿಗೆ ಬಂದ ವಿದ್ಯುನ್ಮಾನ ನೋಂದಣಿ ವ್ಯವಸ್ಥೆಯು ಇಂತಹವರ ಪ್ರವೇಶ ನಿರ್ಗಮನಗಳನ್ನು ದಾಖಲಿಸುತ್ತದೆ, ಹಾಗಾಗಿ ಒಂದೇ ದಿನ ಮೀರಿದರೂ ಕಣ್ತಪ್ಪುವುದಿಲ್ಲ. ನಿಮ್ಮಂತೆ ದೀರ್ಘಾವಧಿಯ ವೀಸಾ ಅಥವಾ ವಾಸದ ಪರವಾನಗಿ ಉಳ್ಳವರಿಗೆ ಈ ವಿದ್ಯುನ್ಮಾನ ನೋಂದಣಿ ಅನ್ವಯಿಸುವುದಿಲ್ಲ.

ಇನ್ನು ದೈನಂದಿನ ಕಿರಿಕಿರಿಗಳು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಅದಕ್ಕೆ ಬೇಗನೆ ಹೊಂದಿಕೊಳ್ಳುತ್ತೀರಿ. ಅದಕ್ಕಿಂತ ಗಂಭೀರವಾದದ್ದು ಜರ್ಮನ್ ಭಾಷೆಯಲ್ಲಿ ಬರುವ ಪತ್ರಗಳು. ತೆರಿಗೆ ನಿರ್ಣಯಕ್ಕೆ ಆಕ್ಷೇಪಣೆ ಸಲ್ಲಿಸಲು ಇರುವುದು ಒಂದೇ ತಿಂಗಳು, ಆದ್ದರಿಂದ ಅರ್ಥವಾಗದ ಪತ್ರವನ್ನು ಬದಿಗಿಡದೆ ಅಂದೇ ಯಾರಿಂದಲಾದರೂ ಓದಿಸಿಕೊಳ್ಳಿ. ವಿಳಾಸದ ನೋಂದಣಿಯಾದ ಸ್ವಲ್ಪ ದಿನಕ್ಕೆ ಸಾರ್ವಜನಿಕ ರೇಡಿಯೊ-ಟಿವಿಗಾಗಿ ಕಟ್ಟುವ ಪ್ರಸಾರ ಶುಲ್ಕದ ಪತ್ರ ಬಂದರೆ ಅದು ಮೋಸವಲ್ಲ: ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೊ ಕಟ್ಟಬೇಕು, ಒಂದೇ ಮನೆಯಲ್ಲಿರುವವರು ಅದನ್ನು ಹಂಚಿಕೊಳ್ಳಬಹುದು. ಕಾರು ಓಡಿಸುವ ಆಸೆಯಿದ್ದರೆ ಹೊರಡುವ ಮೊದಲೇ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ, ಆದರೆ ಭಾರತದ ಪರವಾನಗಿ ಇಲ್ಲಿ ನೆಲೆಸಿದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ, ಅಂತರರಾಷ್ಟ್ರೀಯ ಪರವಾನಗಿಯಿಂದ ಆ ಮಿತಿ ಹೆಚ್ಚುವುದಿಲ್ಲ. ಆಮೇಲೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡನ್ನೂ ಇಲ್ಲಿಯೇ ಬರೆದು ಪಾಸಾಗಬೇಕು. ಅವುಗಳ ತಯಾರಿಗೂ ದಿನಾಂಕ ಸಿಗುವುದಕ್ಕೂ ಸಮಯ ಹಿಡಿಯುವುದರಿಂದ, ಕಾರು ನಿಜವಾಗಿ ಬೇಕೆನ್ನುವುದಾದರೆ ಮೊದಲ ಎರಡು ಮೂರು ತಿಂಗಳಲ್ಲಿಯೇ ಚಾಲನಾ ಶಾಲೆಗೆ ಸೇರಿಬಿಡಿ.