ಬಿಪಿ ಮಾತ್ರೆಗಳ ಅಡ್ಡಪರಿಣಾಮಗಳು ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ?

ನರ್ಸಿಂಗ್ ಎರಡನೇ ವರ್ಷ, ಬಿಪಿ ಮಾತ್ರೆಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತಿವೆ ಅಂತ ಬರೆದಿದ್ದೀರಿ. ನನಗೂ ಹಾಗೇ ಆಗುತ್ತಿತ್ತು. ವಾರ್ಡಿಗೆ ಬಂದ ಮೇಲೆ ಬಿಡಿಸಿಕೊಂಡವು. ರೋಗಿಗಳ ಬಾಯಲ್ಲಿ ಅಡ್ಡಪರಿಣಾಮಕ್ಕೆ ಬೇರೆಯೇ ಹೆಸರು. ಒಬ್ಬ ಅಜ್ಜಿ ಹೇಳಿದ್ದು, "ಚಪ್ಪಲಿ ಕಾಲಿಗೆ ಹತ್ತುತ್ತಿಲ್ಲ ಕಣಮ್ಮ."

ಅವರಿಗೆ ಅಮ್ಲೋಡಿಪಿನ್ 10 ಮಿ.ಗ್ರಾಂ ನಡೆಯುತ್ತಿತ್ತು. ಕಣಕಾಲಿನ ಹತ್ತಿರ ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಈ ಮಾತ್ರೆ ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಅಭಿಧಮನಿಗಳು ಅಷ್ಟು ಹಿಗ್ಗುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರು ಹೊರಗೆ ಜಿನುಗುತ್ತದೆ. ಹಾಗಾಗಿಯೇ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಕೊಟ್ಟರೂ ಈ ಊತ ಅಷ್ಟಾಗಿ ಇಳಿಯುವುದಿಲ್ಲ. ಡಾಕ್ಟರು ಡೋಸ್ 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ ಅನ್ನೋ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರು, ಕಾಲು ಇಳಿಯಿತು. ಕಾರಣ ಹೀಗೆ ತಿಳಿದರೆ ಬಾಯಿಪಾಠ ಬೇಕಾಗುವುದಿಲ್ಲ.

ಎನಾಲಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರು "ರಾತ್ರಿಯೆಲ್ಲ ಕೆಮ್ಮು, ಕಫ ಮಾತ್ರ ಇಲ್ಲ" ಅಂದರೆ ಬ್ರಾಡಿಕೈನಿನ್ ನೆನಪಾಗಬೇಕು, ಈ ಮಾತ್ರೆಗಳಿಂದ ಮೈಯಲ್ಲಿ ಹೆಚ್ಚಾಗಿ ಕೆಮ್ಮು ತರಿಸುವ ವಸ್ತು ಅದು. ಕೆಮ್ಮಿನ ಸಿರಪ್ಪಿಗೆ ಈ ಕೆಮ್ಮು ಬಗ್ಗದು. ತುಟಿ, ನಾಲಿಗೆ ಊದಿಕೊಂಡರೆ ಮಾತ್ರ ಒಂದು ಕ್ಷಣವೂ ಕಾಯಬೇಡಿ, ಉಸಿರಿನ ದಾರಿ ಮುಚ್ಚಬಹುದು. ಗರ್ಭಿಣಿಯರಿಗೆ ಈ ಗುಂಪೂ ಬೇಡ, ಟೆಲ್ಮಿಸಾರ್ಟನ್, ಲೊಸಾರ್ಟನ್ ಗುಂಪೂ ಬೇಡ.

ಈ ಎರಡೂ ಗುಂಪು, ಜೊತೆಗೆ ಸ್ಪೈರೊನೊಲ್ಯಾಕ್ಟೋನ್, ಪೊಟ್ಯಾಶಿಯಂ ಏರಿಸುತ್ತವೆ. ಫ್ಯೂರೊಸೆಮೈಡ್, ಹೈಡ್ರೋಕ್ಲೋರೋಥಯಾಜೈಡ್ ಇಳಿಸುತ್ತವೆ. ನಮ್ಮ ಕಡೆ ರೋಗಿಯನ್ನು ನೋಡಲು ಬರುವವರು ಪ್ರೀತಿಯಿಂದ ಎಳನೀರು ತರುತ್ತಾರಲ್ಲ, ಅದರಲ್ಲಿ ಪೊಟ್ಯಾಶಿಯಂ ಚೆನ್ನಾಗಿಯೇ ಇದೆ. ಕಿಡ್ನಿ ಸೋತವರು ಪೊಟ್ಯಾಶಿಯಂ ಏರಿಸುವ ಮಾತ್ರೆಗಳ ಮೇಲಿದ್ದರೆ ಲ್ಯಾಬ್ ರಿಪೋರ್ಟ್ ನೋಡಿ, ಡಾಕ್ಟರನ್ನು ಕೇಳಿಯೇ ಕುಡಿಯಲು ಹೇಳಿ.

ಅಟೆನೊಲಾಲ್, ಮೆಟೊಪ್ರೊಲಾಲ್ ಕೊಡುವ ಮುಂಚೆ ನಾಡಿ ಎಣಿಸಿ. 60ಕ್ಕಿಂತ ಕಡಿಮೆಯಿದ್ದರೆ ಕೊಡದೆ ಡಾಕ್ಟರಿಗೆ ತಿಳಿಸಿ. ಅಸ್ತಮಾ ಇದೆಯಾ ಅಂತಲೂ ಕೇಳಿ. ಸಕ್ಕರೆ ಕಾಯಿಲೆಯವರಲ್ಲಿ ಶುಗರ್ ಇಳಿದಾಗ ಬರುವ ನಡುಕ, ಎದೆಬಡಿತವನ್ನು ಇವು ಮರೆಮಾಡುತ್ತವೆ, ಬೆವರು ಮಾತ್ರ ಉಳಿಯುತ್ತದೆ. ಇದನ್ನು ಪರೀಕ್ಷೆಗೂ ಓದಿ, ಡ್ಯೂಟಿಗೂ ಓದಿ.

ಪ್ರಾಜೊಸಿನ್‌ನ ಮೊದಲ ಡೋಸಿಗೆ ತಲೆ ತಿರುಗಿ ಬೀಳಬಹುದು. ಮಲಗುವ ಹೊತ್ತಿಗೇ ಕೊಡುವುದು.

ಇನ್ನೊಂದು. ಆ ಅಜ್ಜಿಯ ಬಿಪಿ ಡೋಸ್ ಇಳಿಸುವ ಮುಂಚೆ ಎರಡು ದಿನ ಏರುತ್ತಲೇ ಇತ್ತು. ಸೀರೆ ಬದಲಿಸುವಾಗ ಸೆರಗಿನ ತುದಿಯ ಗಂಟು ಕೈಗೆ ಸಿಕ್ಕಿತು. ಬಿಚ್ಚಿದರೆ ನಾವೇ ಕೊಟ್ಟಿದ್ದ ಎರಡು ಮಾತ್ರೆ. ಕಾಲು ಊದುತ್ತದೆ ಅಂತ ನುಂಗಿರಲಿಲ್ಲ, ನಾನು ಕೇಳಿರಲೂ ಇಲ್ಲ. ಈಗ ನುಂಗುವವರೆಗೂ ಹಾಸಿಗೆ ಪಕ್ಕದಲ್ಲೇ ನಿಂತು, "ಈ ಮಾತ್ರೆ ಶುರುವಾದ ಮೇಲೆ ಏನಾದರೂ ಬೇರೆ ಥರ ಅನಿಸ್ತಿದೆಯಾ?" ಅಂತ ಕೇಳುತ್ತೇನೆ.